ಹೈಸ್ಕೂಲ್ ಬ್ಯಾಚ್ ಮತ್ತೆ ಕೂಡಬೇಕಾ? ಪಟ್ಟಿ ಮೊದಲು, ಫ್ಲೆಕ್ಸ್ ಕೊನೆಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹೈಸ್ಕೂಲ್ ಸ್ನೇಹ ಸಮ್ಮಿಲನಗಳು ಕೆಡುವುದು ಹೆಚ್ಚುಕಮ್ಮಿ ಒಂದೇ ರೀತಿ. ಯಾರೋ ಒಬ್ಬರು ಹುರುಪಿನಲ್ಲಿ ವಾಟ್ಸಾಪ್ ಗ್ರೂಪ್ ಮಾಡುತ್ತಾರೆ. ವಾರದಲ್ಲಿ ಮೂವತ್ತು ಜನ ಸೇರುತ್ತಾರೆ. ಮರುವಾರ ಕಲ್ಯಾಣ ಮಂಟಪ ಬುಕ್ ಆಗುತ್ತದೆ, ಫ್ಲೆಕ್ಸ್ ಡಿಸೈನ್ ಆಗುತ್ತದೆ, ಯಾರ ಫೋಟೊ ದೊಡ್ಡದು ಅಂತ ಜಗಳವೂ ಆಗುತ್ತದೆ. ಕೊನೆಗೆ ಆ ದಿನ ಬರುವವರು ಅದೇ ಮೂವತ್ತು ಜನ. ಅವರು ಮೊದಲಿನಿಂದಲೂ ಒಬ್ಬರಿಗೊಬ್ಬರು ಸಿಗುತ್ತಿದ್ದವರೇ. ನಾಲ್ಕು ತಾಸು ಸನ್ಮಾನ ನಡೆಯುತ್ತದೆ, ಊಟ ಆಗುತ್ತದೆ, ಬಸ್ಸು ಹಿಡಿದು ಹೋಗುತ್ತಾರೆ. ಇಪ್ಪತ್ತು ವರ್ಷದಿಂದ ಕಾಣದ ಒಬ್ಬರೂ ಸಿಕ್ಕಿರುವುದಿಲ್ಲ.

ಎಡವಟ್ಟು ಇರುವುದು ಕೆಲಸದ ಕ್ರಮದಲ್ಲಿ. ಮೊದಲು ಜನ, ಆಮೇಲೆ ತಾರೀಖು, ಆಮೇಲೆ ದುಡ್ಡು, ಅದಾದ ಮೇಲೆ ಜಾಗ ಮತ್ತು ಊಟ. ವೇದಿಕೆ ಎಲ್ಲಕ್ಕಿಂತ ಕೊನೆಗೆ. ಕೆಳಗಿರುವುದೂ ಅದೇ ಕ್ರಮ. ನಾಲ್ಕೈದು ತಿಂಗಳು ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಹೆಸರು ಹುಡುಕುವುದಕ್ಕೇ ಹೋಗುತ್ತದೆ, ಹೋಗಲೂ ಬೇಕು.

## ಶುರುವಿಗೆ ಮುನ್ನ ಬೇಕಾಗುವ ಸಾಮಾನು

ಇನ್ನೂರು ಪುಟದ ಒಂದು ನೋಟ್‌ಬುಕ್. ಅದೇ ಪಟ್ಟಿಯನ್ನು ತಂಡದವರೆಲ್ಲ ಫೋನಿನಲ್ಲಿ ನೋಡಲು ಒಂದು ಗೂಗಲ್ ಶೀಟ್. ಹಳ್ಳಿ ಸುತ್ತಲು ಒಂದು ಬೈಕು. ಹತ್ತನೇ ಕ್ಲಾಸಿನ ಗ್ರೂಪ್ ಫೋಟೊದ ಸ್ಪಷ್ಟ ಪ್ರತಿ.

ಫೋಟೊ ವಿಷಯದಲ್ಲಿ ಒಂದು ಮಾತು. ಗೋಡೆ ಮೇಲಿನ ಫೋಟೊವನ್ನು ಗಾಜಿನ ಮೇಲಿಂದಲೇ ಫೋನಿನಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಬೆಳಕು ಹೊಡೆದು ಹಿಂದಿನ ಸಾಲು ಪೂರ್ತಿ ಮಾಯ. ನಿಮಗೆ ಬೇಕಾಗಿರುವುದೇ ಆ ಹಿಂದಿನ ಸಾಲು. ಚೌಕಟ್ಟಿನಿಂದ ಬಿಡಿಸಿ ಸ್ಕ್ಯಾನ್ ಮಾಡಿಸಿ. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನರಿನ ಮೇಲೆ ಬೋರಲು ಇಡಿ, ಚೆನ್ನಾಗಿಯೇ ಬರುತ್ತದೆ.

## 1. ಐದು ಜನರ ತಂಡ ಮಾಡಿ

ಊರಲ್ಲೇ ಇರುವ ಒಬ್ಬರು. ಒಕ್ಕಲುತನ ಮಾಡುವ ಒಬ್ಬರು. ಬೆಂಗಳೂರೋ ಹೈದರಾಬಾದೋ, ಹೊರಗಿರುವ ಒಬ್ಬರು. ಇನ್ನಿಬ್ಬರು ಹೆಣ್ಣುಮಕ್ಕಳು. ಇಬ್ಬರು ಅಂದಿದ್ದು ಸುಮ್ನೆ ಅಲ್ಲ. ಒಬ್ಬರೇ ಇದ್ದರೆ ಎಲ್ಲ ಗಂಡಸರ ನಡುವೆ ಅವರಿಗೆ ಮುಜುಗರ, ಎರಡನೇ ಮೀಟಿಂಗಿಗೆ ಬರುವುದಿಲ್ಲ.

ಎ, ಬಿ ಸೆಕ್ಷನ್ ಇದ್ದರೆ ಎರಡೂ ಕಡೆಯವರಿರಲಿ. ಬಳ್ಳಾರಿ, ರಾಯಚೂರಿನ ಶಾಲೆಗಳಲ್ಲಿ ಒಂದೇ ಕಾಂಪೌಂಡಿನಲ್ಲಿ ಉರ್ದು ಮಾಧ್ಯಮವೋ ತೆಲುಗು ಮಾಧ್ಯಮವೋ ಇದ್ದದ್ದುಂಟು. ಅವರನ್ನೂ ಕರೆಯುವುದಾದರೆ ಶುರುವಿನಿಂದಲೇ ತಂಡಕ್ಕೆ ಸೇರಿಸಿಕೊಳ್ಳಿ. ಎಲ್ಲ ತೀರ್ಮಾನ ಆದ ಮೇಲೆ ‘ನೀವೂ ಬರ್ರಿ’ ಅಂದರೆ ಯಾರೂ ಬರುವುದಿಲ್ಲ.

ಎಚ್ಚರಿಕೆಯ ಗಂಟೆ: ಮೊದಲ ಮೀಟಿಂಗಿನಲ್ಲೇ ‘ಅಧ್ಯಕ್ಷರು ಯಾರು’ ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಅಧ್ಯಕ್ಷ, ಉಪಾಧ್ಯಕ್ಷ ಏನೂ ಬೇಡ. ಪಂಚಾಯ್ತಿ ಚುನಾವಣೆಗೆ ನಿಲ್ಲುವ ಆಲೋಚನೆ ಇರುವ ಗೆಳೆಯನನ್ನು ಪ್ರೀತಿಯಿಂದಲೇ ತಂಡದಿಂದ ದೂರ ಇಡಿ. ಊಟ ಬಡಿಸಲು ಬರಲಿ.

## 2. ನೆನಪಿನಿಂದ ಪಟ್ಟಿ ಬರೆಯಬೇಡಿ

ನೆನಪಿನಿಂದ ಬರೆದ ಪಟ್ಟಿಯಲ್ಲಿ ಮೂರು ಥರದವರು ಇರುತ್ತಾರೆ: ನಿಮ್ಮ ಗೆಳೆಯರು, ಕ್ಲಾಸಿನ ಜಾಣರು, ಕ್ಲಾಸಿನ ತುಂಟರು. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋದವರು ಇರುವುದಿಲ್ಲ.

ಪಟ್ಟಿಗೆ ಆಧಾರ ಶಾಲೆಯ ದಾಖಲಾತಿ ಪುಸ್ತಕ. ಅದರಲ್ಲೂ ಎಂಟನೇ ಕ್ಲಾಸಿಗೆ ಸೇರಿದ ವರ್ಷದ್ದು. 2001ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆದ ಬ್ಯಾಚಾದರೆ 1998ರ ಜೂನ್ ದಾಖಲಾತಿ ನೋಡಬೇಕು. ಕಾರಣ ಇದೆ. ನಮ್ಮ ಕಡೆ ಎಂಟಕ್ಕೆ ಸೇರಿ ಹತ್ತು ಮುಟ್ಟದವರು ಎಷ್ಟೋ ಜನ. ಮನೆಯವರ ಜೊತೆ ಗುಳೆ ಹೋದವರು, ಒಂಬತ್ತರಲ್ಲೇ ಮದುವೆಯಾದ ಹುಡುಗಿಯರು, ಫೇಲಾಗಿ ಬಿಟ್ಟವರು. ಪಾಸಾದವರ ಪಟ್ಟಿ ಹಿಡಿದು ಹೊರಟರೆ ಇವರೆಲ್ಲ ಎರಡನೇ ಸಲ ಶಾಲೆಯಿಂದ ಹೊರಗೆ ಉಳಿಯುತ್ತಾರೆ. ಒಂಬತ್ತು, ಹತ್ತಕ್ಕೆ ಹೊಸದಾಗಿ ಸೇರಿದವರನ್ನೂ ಆಯಾ ವರ್ಷದ ಪುಟದಿಂದ ಕೂಡಿಸಿಕೊಳ್ಳಿ.

ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಮನವಿ ಕೊಡಿ. ಫೆಬ್ರವರಿಯಿಂದ ಏಪ್ರಿಲ್ ತನಕ ಹೋಗಬೇಡಿ, ಪರೀಕ್ಷೆ ಗದ್ದಲದಲ್ಲಿ ಅವರಿಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಎಷ್ಟೋ ಹಳೆಯ ಹೈಸ್ಕೂಲುಗಳು ಈಗ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗ. ಅಂಥ ಕಡೆ ಪುಸ್ತಕ ಇರುವುದು ಉಪಪ್ರಾಚಾರ್ಯರ ಹತ್ತಿರ.

ದಾಖಲಾತಿ ಪುಸ್ತಕದ ಪುಟವನ್ನು ಫೋಟೊ ಹೊಡೆಯಬೇಡಿ. ಅದರಲ್ಲಿ ಹುಟ್ಟಿದ ದಿನ, ಜಾತಿ ಎಲ್ಲ ಇರುತ್ತದೆ. ಅದು ಗ್ರೂಪಿಗೆ ಬಿದ್ದರೆ ಬೇರೆಯೇ ರಾಮಾಯಣ. ಒಬ್ಬರು ಓದಲಿ, ಒಬ್ಬರು ಬರೆದುಕೊಳ್ಳಲಿ: ಹೆಸರು, ತಂದೆ ಹೆಸರು, ಊರು. ಅಷ್ಟು ಸಾಕು. ಶಾಲೆಯವರು ಪುಸ್ತಕ ಕೈಗೆ ಕೊಡಲು ಹಿಂಜರಿದರೆ, ಅಲ್ಲಿನ ಮಾಸ್ತರೊಬ್ಬರು ಓದಿ ಹೇಳಿದರೂ ನಡೆಯುತ್ತದೆ.

ನೋಟ್‌ಬುಕ್ಕಿನಲ್ಲಿ ಈ ಮೂರರ ಮುಂದೆ ಇನ್ನೂ ನಾಲ್ಕು ಗೆರೆ ಎಳೆಯಿರಿ: ಕ್ಲಾಸಿನಲ್ಲಿ ಕರೆಯುತ್ತಿದ್ದ ಹೆಸರು, ಈಗ ಎಲ್ಲಿ, ನಂಬರು, ಯಾರು ಯಾವಾಗ ಮಾತಾಡಿದರು. ತಂದೆ ಹೆಸರಿಲ್ಲದೆ ಕೆಲಸ ಆಗುವುದಿಲ್ಲ. ಕೊಪ್ಪಳದ ಕ್ಲಾಸಿನಲ್ಲಿ ಗವಿಸಿದ್ದಪ್ಪ ಒಬ್ಬನೇ ಇದ್ದದ್ದು ಅಪರೂಪ. ಬಳ್ಳಾರಿಯಲ್ಲಿ ಎರ್ರಿಸ್ವಾಮಿಯೂ ಹಾಗೇ. ಬಸವರಾಜರ ಲೆಕ್ಕವನ್ನಂತೂ ಕೇಳಲೇಬೇಡಿ.

1997ಕ್ಕಿಂತ ಹಿಂದಿನ ಬ್ಯಾಚಾಗಿದ್ದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರ ಕಾಗದದಲ್ಲಿ ಜಿಲ್ಲೆ ರಾಯಚೂರು ಅಂತಲೇ ಇರುತ್ತದೆ. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯವರು 2021ರಿಂದ ವಿಜಯನಗರ ಜಿಲ್ಲೆಯವರು. ಫೇಸ್‌ಬುಕ್‌ನಲ್ಲಿ ಹುಡುಕುವಾಗ ಇದು ಕಾಡುತ್ತದೆ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತವೂ 2014ರ ನವೆಂಬರಿನಲ್ಲಿ ಬದಲಾಯಿತು. ಹಳೆಯದು, ಹೊಸದು ಎರಡರಲ್ಲೂ ಹುಡುಕಿ.

ಪಟ್ಟಿ ಸರಿ ಇದೆಯಾ ಅಂತ ನೋಡಲು ಗ್ರೂಪ್ ಫೋಟೊ ಮುಂದಿಟ್ಟುಕೊಂಡು ತಲೆ ಎಣಿಸಿ. ಫೋಟೊದಲ್ಲಿ ಅರ್ಧ ಹುಡುಗಿಯರಿದ್ದು ಪಟ್ಟಿಯಲ್ಲಿ ಹತ್ತೇ ಹೆಸರಿದ್ದರೆ ಕೆಲಸ ಇನ್ನೂ ಮುಗಿದಿಲ್ಲ.

## 3. ಊರುವಾರು ಹುಡುಕಿ

ಪಟ್ಟಿಯನ್ನು ಊರಿನ ಪ್ರಕಾರ ಹರಿದು ಹಂಚಿ. ಒಬ್ಬರಿಗೆ ನಾಲ್ಕು ಹಳ್ಳಿ. ಹಳ್ಳಿಗೆ ಸಂತೆಯ ದಿನ ಅಥವಾ ಬೆಳಗ್ಗೆ ಬೇಗ ಹೋಗಿ, ಚಾದಂಗಡಿಯಲ್ಲಿ ತಂದೆ ಹೆಸರು ಹೇಳಿ ವಿಚಾರಿಸಿ. ಮಗ ಎಲ್ಲಿದ್ದಾನೆ ಅನ್ನುವುದು ಅರ್ಧ ಊರಿಗೆ ಗೊತ್ತಿರುತ್ತದೆ.

ಗುಳೆ ಹೋದವರ ಮನೆಯಲ್ಲಿ ವಯಸ್ಸಾದ ಅವ್ವನೋ ಅಪ್ಪನೋ ಇರುತ್ತಾರೆ. ಅವರ ಫೋನಿನಿಂದಲೇ ಒಂದು ಸಲ ಹಚ್ಚಿ ಮಾತಾಡಿ. ಗುರುತಿಲ್ಲದ ನಂಬರಿನಿಂದ ಬಂದರೆ ಸಾಲದವರೋ ಕೂಲಿಗೆ ಕರೆದೊಯ್ಯುವ ಮುಕಾದಮನೋ ಅಂತ ಎತ್ತುವುದಿಲ್ಲ. ಅವ್ವನ ನಂಬರಿಗೆ ಯಾವ ಸೈಟಿನ ಮೇಲಿದ್ದರೂ ಎತ್ತುತ್ತಾರೆ.

ಕಾಲನಿಯ ಮಕ್ಕಳದ್ದು ಬೇರೆ ದಾರಿ. ಶಕ್ತಿನಗರದ ವಿದ್ಯುತ್ ಕೇಂದ್ರ, ಹಟ್ಟಿ ಚಿನ್ನದ ಗಣಿ, ದೋಣಿಮಲೈ ಅದಿರು ಗಣಿ, ಮುನಿರಾಬಾದಿನ ಡ್ಯಾಂ ಕ್ವಾರ್ಟರ್ಸ್, ಇಲ್ಲೆಲ್ಲ ಅಪ್ಪ ರಿಟೈರ್ ಆದ ತಿಂಗಳೇ ಮನೆ ಖಾಲಿ. ಹಳ್ಳಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದವರನ್ನು ಹಿಡಿಯಿರಿ. ನಿವೃತ್ತರು ತಮ್ಮತಮ್ಮಲ್ಲಿ ನಮಗಿಂತ ಚೆನ್ನಾಗಿ ಸಂಪರ್ಕ ಇಟ್ಟುಕೊಂಡಿರುತ್ತಾರೆ.

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಲ್ಲಿ ಬೆಳೆದವರಲ್ಲಿ ಕೆಲವರು ಹೊಲ ಮಾರಿ ಆಂಧ್ರಕ್ಕೆ ವಾಪಸ್ ಹೋಗಿದ್ದಾರೆ. ಕ್ಯಾಂಪಿಗೆ ತೆಲುಗು ಬರುವ ಗೆಳೆಯನನ್ನು ಕಳಿಸಿ. ಹೋದವರ ಹೊಲ ಕೊಂಡವರೋ ಲಾವಣಿಗೆ (ಗುತ್ತಿಗೆಗೆ) ಮಾಡುವವರೋ ಅಲ್ಲಿ ಸಿಗುತ್ತಾರೆ, ಅವರ ಹತ್ತಿರ ನಂಬರ್ ಇದ್ದೇ ಇರುತ್ತದೆ.

ಇನ್ನು ಹೆಣ್ಣುಮಕ್ಕಳು. ಹೆಚ್ಚಿನ ಬ್ಯಾಚುಗಳು ಸೋಲುವುದು ಇಲ್ಲೇ. ಮದುವೆಯಾಗಿ ಊರು ಬದಲು, ಕೆಲವರಿಗೆ ಹೆಸರೂ ಬದಲು, ಫೇಸ್‌ಬುಕ್‌ನಲ್ಲಿ ಫೋಟೊ ಜಾಗದಲ್ಲಿ ಗುಲಾಬಿ ಹೂವು. ಹುಡುಕುವ ದಾರಿ ತವರುಮನೆ, ಹುಡುಕುವ ಕಾಲ ನಾಗರ ಪಂಚಮಿ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ಇವತ್ತಿಗೂ ತಪ್ಪಿಲ್ಲ. ಆ ವಾರ ತಂಡದ ಹೆಣ್ಣುಮಕ್ಕಳು ನಾಲ್ಕಾರು ಮನೆಗೆ ಹೋಗಿ ಉಂಡಿ ತಿಂದು ಬಂದರೆ ಪಟ್ಟಿಯಲ್ಲಿ ಹತ್ತು ಹೆಸರಿಗೆ ಊರು ಸಿಗುತ್ತದೆ. ಒಬ್ಬಾಕಿ ಸಿಕ್ಕರೆ ಇನ್ನು ಮೂವರ ಸುದ್ದಿ ಅವಳಿಗೆ ಗೊತ್ತಿರುತ್ತದೆ.

ಗಂಡಸರು ಈ ಕೆಲಸಕ್ಕೆ ಕೈ ಹಾಕಬೇಡಿ. ನೀವು ತವರುಮನೆಗೆ ಹೋಗಿ ‘ನಿಮ್ಮ ಮಗಳ ನಂಬರ್ ಕೊಡ್ರಿ’ ಅಂದರೆ ಅಣ್ಣನಿಗೋ ಅತ್ತೆಮನೆಗೋ ಅನುಮಾನ ಬರಬಹುದು. ಅದರ ಏಟು ಬೀಳುವುದು ಆ ಹೆಣ್ಣುಮಗಳಿಗೆ, ನಿಮಗಲ್ಲ. ಹೆಣ್ಣುಮಕ್ಕಳೇ ಹೋದಾಗಲೂ ತಮ್ಮ ನಂಬರ್ ಬರೆದು ಕೊಟ್ಟು ಬರುವುದು ಒಳ್ಳೆಯದು. ಮನಸ್ಸಿದ್ದರೆ ಅವರೇ ಮಾಡುತ್ತಾರೆ.

ತೀರಿಕೊಂಡವರ ಸುದ್ದಿ ಬಂದರೆ ತಕ್ಷಣ ಬರೆದುಕೊಳ್ಳಬೇಡಿ. ಒಂದೇ ಹೆಸರಿನವರು ಇಬ್ಬರು ಮೂವರಿರುವ ಕ್ಲಾಸಿನಲ್ಲಿ ಬದುಕಿರುವವನಿಗೆ ಶ್ರದ್ಧಾಂಜಲಿ ಓದುವುದು ಸುಲಭ. ಮನೆಯವರಿಂದಲೇ ಖಾತ್ರಿ ಮಾಡಿಕೊಳ್ಳಿ.

## 4. ಮೊದಲ ಫೋನು

ದೊಡ್ಡ ತಪ್ಪು: ‘ನಾ ಯಾರು, ಗುರುತು ಹಿಡಿ ನೋಡೂಣು!’ ಇವತ್ತಿನ ಕಾಲದಲ್ಲಿ ಹೀಗೆ ಶುರು ಮಾಡಿದ ಫೋನನ್ನು ಜನ ಮೋಸದ ಕರೆ ಅಂತ ಕಟ್ ಮಾಡುತ್ತಾರೆ. ಮಾಡಬೇಕಾದ್ದೂ ಅದನ್ನೇ. ಬದಲಿಗೆ ಹೀಗೆ ಶುರು ಮಾಡಿ:

“ನಮಸ್ಕಾರ್ರೀ, ನಾನು ಹೈಸ್ಕೂಲಿನ್ಯಾಗ ನಿಮ್ಮ ಕ್ಲಾಸಿನವ, ಹಿಟ್ನಾಳದ ಮಲ್ಲಪ್ಪ. ಕಿಟಕಿ ಕಡೆ ಹಿಂದಿನ ಬೆಂಚಿನ್ಯಾಗ ಕೂಡ್ತಿದ್ದೆ. ಈಗ ಮಾತಾಡಾಕ ಪುರುಸೊತ್ತು ಐತ್ರಿ, ಇಲ್ಲ ಆಮ್ಯಾಲೆ ಮಾಡ್ಲ್ಯಾ?”

ಹೆಸರು, ಊರು, ಬೆಂಚು. ಮೂರು ಗುರುತು ಕೊಟ್ಟ ಮೇಲೆ ಅನುಮಾನ ಉಳಿಯುವುದಿಲ್ಲ. ಶುರುವಿಗೆ ಬಹುವಚನ ಇರಲಿ. ಆ ಕಡೆಯಿಂದ ‘ಏನಲೇ ಮಲ್ಯಾ’ ಬಂದ ಮೇಲೆ ನೀವೂ ಇಳಿಯಿರಿ. ಹೆಣ್ಣುಮಕ್ಕಳ ಜೊತೆ ಅವರಾಗಿ ಬದಲಾಯಿಸುವ ತನಕ ‘ರೀ’ ಬಿಡಬೇಡಿ. ರಾತ್ರಿ ಎಂಟರ ನಂತರ ಫೋನ್ ಬೇಡ.

ಈ ಫೋನಿನಲ್ಲಿ ದುಡ್ಡಿನ ಮಾತು ಎತ್ತಬೇಡಿ. ಏನು ಕೆಲಸ, ಎಷ್ಟು ಮಕ್ಕಳು ಅಂತಲೂ ಕೇಳಬೇಡಿ. ‘ಎಲ್ಲರೂ ಕೂಡೋ ವಿಚಾರ ಐತಿ, ನೀವೂ ಇರಬೇಕು’ ಅಷ್ಟೇ. ಕೊನೆಗೆ ಒಂದೇ ಪ್ರಶ್ನೆ: ‘ನಿಮ್ಮ ನಂಬರ್ ಗ್ರೂಪಿಗೆ ಹಾಕಬಹುದಾ?’ ಬೇಡ ಅಂದರೆ ಅವರಿಗೆ ಪ್ರತ್ಯೇಕವಾಗಿ ಸುದ್ದಿ ತಿಳಿಸುವ ಜವಾಬ್ದಾರಿ ಫೋನ್ ಮಾಡಿದವರದು.

‘ನೋಡ್ತೀನಿ’ ಅನ್ನುವ ಉತ್ತರ ಬಹಳ ಬರುತ್ತದೆ. ಅದರ ಹಿಂದೆ ಏನೇನೋ ಇರುತ್ತದೆ. ಫೇಲಾದ ನಾಚಿಕೆ, ಸಾಲ, ಕಾಯಿಲೆ, ಗಂಡ ತೀರಿಕೊಂಡದ್ದು, ಹಾಕಿಕೊಳ್ಳಲು ಒಳ್ಳೆಯ ಬಟ್ಟೆ ಇಲ್ಲದ್ದು. ತಾರೀಖು ಗಟ್ಟಿಯಾದ ಮೇಲೆ ಇನ್ನೊಂದು ಸಲ ಫೋನ್ ಮಾಡಿ. ಮೂರನೇ ಸಲ ಬೇಡ.

## 5. ಗ್ರೂಪು ಎರಡಿರಲಿ

ಒಂದರಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಮಾಡಿ. ಅದು ಸೂಚನೆಗೆ: ತಾರೀಖು, ಜಾಗ, ಲೆಕ್ಕ. ಇನ್ನೊಂದು ಹರಟೆಗೆ, ಬೇಕಾದವರು ಮಾತ್ರ. ಒಂದೇ ಗ್ರೂಪಿದ್ದರೆ ದಿನಕ್ಕೆ ನೂರು ಗುಡ್ ಮಾರ್ನಿಂಗ್, ಎರಡು ಪಾರ್ಟಿಯ ಜಗಳ, ಯಾರದೋ ಧರ್ಮದ ಮೇಲೆ ಒಂದು ವಿಡಿಯೊ. ಹೆಣ್ಣುಮಕ್ಕಳು ಸದ್ದಿಲ್ಲದೆ ಹೊರಗೆ ಹೋಗುತ್ತಾರೆ, ಮುಸ್ಲಿಂ ಗೆಳೆಯರು ಒಳಗಿದ್ದೂ ಮಾತು ಬಿಡುತ್ತಾರೆ. ಆಮೇಲೆ ಕ್ಷಮೆ ಕೇಳಿ ಪ್ರಯೋಜನ ಇಲ್ಲ. ಅಂಥದ್ದು ಬಂದ ಐದು ನಿಮಿಷಕ್ಕೆ ಅಡ್ಮಿನ್ ಡಿಲೀಟ್ ಮಾಡಬೇಕು, ಯಾರದೇ ಆಗಿರಲಿ.

ಗ್ರೂಪ್ ಫೋಟೊವನ್ನು ಎಲ್ಲರ ಹೆಸರಿನ ಸಮೇತ ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಗೆಳೆಯನ ಹೆಸರು, ಫೋಟೊ ಹಾಕಿಕೊಂಡು ‘ಆಸ್ಪತ್ರೆಯಲ್ಲಿದ್ದೀನಿ, ಅರ್ಜೆಂಟ್ ಹತ್ತು ಸಾವಿರ’ ಅನ್ನುವ ಮೆಸೇಜು ಬರಲು ಅಷ್ಟು ಮಾಹಿತಿ ಸಾಕು. ಬಂದರೆ ಮೊದಲು ಆ ಗೆಳೆಯನಿಗೇ ಫೋನ್ ಮಾಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಪಾಲಿಸಿ, ಚೀಟಿ, ಚೈನ್ ಮಾರ್ಕೆಟಿಂಗ್ ಮಾಡುವ ಗೆಳೆಯರಿಗೆ ಮೊದಲೇ ಹೇಳಿಬಿಡಿ: ಪಟ್ಟಿಯ ನಂಬರುಗಳು ವ್ಯಾಪಾರಕ್ಕಲ್ಲ.

## 6. ತಾರೀಖು ರೈತ ಗೆಳೆಯರನ್ನು ಕೇಳಿ ಇಡಿ

ಬೆಂಗಳೂರಿನಲ್ಲಿರುವವರು ತಮ್ಮ ರಜೆ ನೋಡಿ ತಾರೀಖು ಇಡುತ್ತಾರೆ, ಹೊಲದಲ್ಲಿರುವ ಅರ್ಧ ಕ್ಲಾಸು ತಪ್ಪಿಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಕಡೆ ಜುಲೈ, ಆಗಸ್ಟ್ ಅಂದರೆ ಭತ್ತದ ನಾಟಿ. ನವೆಂಬರ್, ಡಿಸೆಂಬರ್ ಕಟಾವು. ರಾಯಚೂರು ಸುತ್ತ ಹತ್ತಿ ಬಿಡಿಸುವ ಕೆಲಸವೂ ಅದೇ ಹೊತ್ತಿಗೆ. ಸಿರುಗುಪ್ಪ, ಕುರುಗೋಡು ಕಡೆ ಜನವರಿ ಆಸುಪಾಸು ಮೆಣಸಿನಕಾಯಿ. ಮೇ ತಿಂಗಳಲ್ಲಿ ಹೊಲ ಖಾಲಿ, ಶಾಲೆಗೂ ರಜೆ. ಆದರೆ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಎಪ್ಪತ್ತೈದು ದಾಟಿದ ಗುರುಗಳನ್ನು ಶಾಮಿಯಾನದ ಕೆಳಗೆ ಕೂಡಿಸಬಾರದು. ಮೇ ಬಿಟ್ಟು ಬೇರೆ ದಾರಿಯೇ ಇಲ್ಲ ಅಂದರೆ ಬೆಳಗ್ಗೆ ಏಳಕ್ಕೆ ಶುರು ಮಾಡಿ ಹನ್ನೊಂದೂವರೆಗೆ ಊಟ ಹಾಕಿ.

ನೀರಾವರಿ ಕಡೆಗೆ ನನ್ನ ಆಯ್ಕೆ ಸೆಪ್ಟೆಂಬರಿನ ಒಂದು ಭಾನುವಾರ. ನಾಟಿ ಮುಗಿದಿರುತ್ತದೆ, ಕಟಾವಿಗೆ ಇನ್ನೂ ಹೊತ್ತಿರುತ್ತದೆ. ಒಣಬೇಸಾಯದ ಕುಷ್ಟಗಿ, ಲಿಂಗಸುಗೂರು ಕಡೆ ಅದು ಹಿಂಗಾರಿ ಬಿತ್ತನೆಗೆ ತಾಗಬಹುದು, ಅಲ್ಲಿ ಆಯಾ ಊರಿನವರ ಮಾತೇ ಕೊನೆ. ಗುಳೆ ಹೋದವರು ಜಾಸ್ತಿ ಇರುವ ಬ್ಯಾಚಿಗೆ ಲೆಕ್ಕವೇ ಬೇರೆ. ಅವರು ಊರ ಜಾತ್ರೆಗೆ ಬಂದೇ ಬರುತ್ತಾರೆ, ಜಾತ್ರೆಯ ಹಿಂದುಮುಂದಿನ ಭಾನುವಾರ ಹಿಡಿಯಿರಿ. ಜಾತ್ರೆಯ ದಿನ ಮಾತ್ರ ಬೇಡ. ಜನವರಿಯ ಗವಿಮಠದ ಜಾತ್ರೆಯ ದಿನ ಕೊಪ್ಪಳದಲ್ಲಿ ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ.

ಗ್ರೂಪಿನಲ್ಲಿ ‘ಯಾವ ದಿನ ಇಡೋಣ?’ ಅಂತ ಬಿಟ್ಟ ಬಾಯಿ ಪ್ರಶ್ನೆ ಕೇಳಬೇಡಿ. ಎರಡೇ ತಾರೀಖು ಕೊಟ್ಟು ಪೋಲ್ ಹಾಕಿ, ಮೂರು ದಿನಕ್ಕೆ ಮುಚ್ಚಿ. ತಾರೀಖನ್ನು ಎಪ್ಪತ್ತೈದು ದಿನ ಮೊದಲೇ ಸಾರಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ತೆರೆಯುತ್ತದೆ. ಬಳ್ಳಾರಿ, ಕೊಪ್ಪಳಕ್ಕೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿಗೆ ಉದ್ಯಾನ್, ಎರಡರಲ್ಲೂ ವಾರದ ಕೊನೆಗೆ ಸೀಟು ಬೇಗ ಮುಗಿಯುತ್ತದೆ.

## 7. ದುಡ್ಡು

ಮೊದಲು ಖರ್ಚಿನ ಅಂದಾಜು ಬರೆಯಿರಿ, ಆಮೇಲೆ ವಂತಿಗೆ ಎತ್ತಿ. ಎಲ್ಲರಿಗೂ ಒಂದೇ ಮೊತ್ತ ಇಡುವುದಾದರೆ ಅದು ಕೂಲಿ ಮಾಡುವ ಗೆಳೆಯನ ಒಂದು ದಿನದ ದುಡಿಮೆಗಿಂತ ಜಾಸ್ತಿ ಇರಬಾರದು. ಅವನು ಆ ದಿನದ ಕೂಲಿ ಬಿಟ್ಟು ಬರುತ್ತಾನೆ ಅನ್ನುವುದೂ ಲೆಕ್ಕದಲ್ಲಿರಲಿ. ಉಳಿದದ್ದನ್ನು ಅನುಕೂಲ ಇರುವವರು ತುಂಬಲಿ. ಯಾರು ಎಷ್ಟು ಕೊಟ್ಟರು ಅನ್ನುವುದು ಲೆಕ್ಕ ಬರೆಯುವ ಇಬ್ಬರಿಗೆ ಮಾತ್ರ ಗೊತ್ತಿರಲಿ. ಮೈಕಿನಲ್ಲಿ ‘ಐವತ್ತು ಸಾವಿರ ದಾನ ನೀಡಿದ’ ಅಂತ ಕೂಗಿದ ಕ್ಷಣ ಇನ್ನೂರು ಕೊಟ್ಟವನು ಅತಿಥಿಯಾಗಿಬಿಡುತ್ತಾನೆ.

ಯುಪಿಐ ಇಲ್ಲದವರು ಈಗಲೂ ಇದ್ದಾರೆ. ನಗದು ತೆಗೆದುಕೊಳ್ಳಲು ಊರಲ್ಲಿ ಒಬ್ಬರನ್ನು ಗೊತ್ತು ಮಾಡಿ.

ಶಾಲೆಗೆ ಏನಾದರೂ ಕೊಡುವುದಾದರೆ ಆ ಲೆಕ್ಕ ಬೇರೆ ಇಡಿ, ಏನು ಬೇಕು ಅಂತ ಮುಖ್ಯೋಪಾಧ್ಯಾಯರನ್ನೇ ಕೇಳಿ. ನೀವು ಕಂಪ್ಯೂಟರ್ ಅಂದುಕೊಂಡಿರುತ್ತೀರಿ. ಅಲ್ಲಿ ಹುಡುಗಿಯರ ಶೌಚಾಲಯಕ್ಕೆ ಬಾಗಿಲಿರುವುದಿಲ್ಲ.

## 8. ಜಾಗ ಮತ್ತು ಊಟ

ಜಾಗ ಶಾಲೆಯೇ ಆಗಲಿ. ಮಂಟಪದಲ್ಲಿ ಕೂತರೆ ಯಾರದೋ ಮದುವೆಗೆ ಬಂದಂತೆ ಇರುತ್ತದೆ. ಭಾನುವಾರ ಶಾಲೆ ಬಳಸಲು ಮುಖ್ಯೋಪಾಧ್ಯಾಯರ ಜೊತೆ ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆಯನ್ನೂ ಪಡೆಯಿರಿ. ಶನಿವಾರ ಸಂಜೆ ಹೋಗಿ ಮೂರು ನೋಡಿ: ನೀರಿನ ಟ್ಯಾಂಕ್ ತುಂಬಿದೆಯಾ, ಶೌಚಾಲಯದ ಕೀಲಿ ಯಾರ ಹತ್ತಿರ, ಕರೆಂಟ್ ಹೋದರೆ ಮೈಕಿಗೆ ಏನು ಗತಿ. ಮಧ್ಯಾಹ್ನ ಹನ್ನೆರಡಕ್ಕೆ ಕೀಲಿ ಹುಡುಕುತ್ತ ಜವಾನನ ಊರಿಗೆ ಬೈಕ್ ಓಡಿಸುವ ಕಷ್ಟ ಬೇಡ.

ಬಸ್‌ಸ್ಟ್ಯಾಂಡಿನಿಂದ ಶಾಲೆ ದೂರ ಇದ್ದರೆ ಎರಡು ಆಟೊ ಹೇಳಿಡಿ. ಕೆಕೆಆರ್‌ಟಿಸಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಟಿಕೆಟ್ ಚಿಂತೆ ಇಲ್ಲ. ಅವರ ಚಿಂತೆ ಸಂಜೆಯ ವಾಪಸ್ ಬಸ್ಸಿನದು. ಅದಕ್ಕೇ ಕಾರ್ಯಕ್ರಮ ನಾಲ್ಕೂವರೆಗೆ ಮುಗಿಯಬೇಕು.

ಬೆಳಗ್ಗೆ ಮಂಡಕ್ಕಿ ಒಗ್ಗರಣಿ-ಮಿರ್ಚಿ, ಚಾ. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಶೇಂಗಾ ಹೋಳಿಗೆ, ಅನ್ನ ಸಾರು. ರೊಟ್ಟಿಯನ್ನು ಅಡಿಗೆಯವರಿಗೆ ಹೊರಿಸದೆ ರೊಟ್ಟಿ ಕೇಂದ್ರಕ್ಕೆ ಎರಡು ದಿನ ಮೊದಲು ಹೇಳಿ. ಊಟದ ಲೆಕ್ಕದಲ್ಲಿ ಜೊತೆಗೆ ಬರುವ ಮಕ್ಕಳು, ಗುರುಗಳ ಮನೆಯವರು, ಕಾರಿನ ಡ್ರೈವರುಗಳು, ಮೈಕ್ ಸೆಟ್ಟಿನವರು ಎಲ್ಲ ಬರಬೇಕು. ಊಟ ಒಂದೇ ಪಂಕ್ತಿಯಲ್ಲಿ. ವಿಐಪಿ ಟೇಬಲ್ ಹಾಕಿದ ದಿನ ಸಮ್ಮಿಲನ ಮುಗಿಯಿತು ಅಂತಲೇ ತಿಳಿಯಿರಿ.

ಗುಂಡಿನ ವಿಷಯ ನೇರವಾಗಿ ಹೇಳುತ್ತೇನೆ. ಆ ದಿನ, ಆ ಜಾಗದಲ್ಲಿ, ಕಾರಿನ ಡಿಕ್ಕಿಯಲ್ಲೂ ಬೇಡ. ನಾಲ್ಕು ಜನ ಹನ್ನೊಂದಕ್ಕೆ ಗೇಟಿನಾಚೆ ಮಾಯವಾಗಿ ಒಂದಕ್ಕೆ ಬಂದರೆ ಮುಂದಿನ ಸಲ ಒಬ್ಬ ಹೆಣ್ಣುಮಗಳೂ ಬರುವುದಿಲ್ಲ.

## 9. ಗುರುಗಳು

ಕಾರ್ಡು ಕಳಿಸಿದರೆ ಸಾಲದು, ಮನೆಗೆ ಹೋಗಿ ಕರೆಯಿರಿ. ವಿಳಾಸ ಸಿಗದಿದ್ದರೆ ತಾಲ್ಲೂಕಿನ ನಿವೃತ್ತ ನೌಕರರ ಸಂಘದಲ್ಲಿ ವಿಚಾರಿಸಿ. ಪ್ರತಿಯೊಬ್ಬ ಗುರುವಿಗೂ ಒಬ್ಬ ಶಿಷ್ಯ ಹೊಣೆ: ಕಾರಿನಲ್ಲಿ ಕರೆತರುವುದು, ಸಕ್ಕರೆ ಕಾಯಿಲೆ ಇದ್ದರೆ ಹೊತ್ತಿಗೆ ಊಟ ಕೊಡಿಸುವುದು, ಊಟವಾದ ಮೇಲೆ ಮನೆ ಮುಟ್ಟಿಸುವುದು. ಅಕ್ಕೋರುಗಳನ್ನು, ಅಂದರೆ ಟೀಚರಮ್ಮಗಳನ್ನು ಮರೆಯಬೇಡಿ, ಗಂಟೆ ಹೊಡೆಯುತ್ತಿದ್ದ ಜವಾನರನ್ನು ಅದಕ್ಕಿಂತ ಮೊದಲು ಮರೆಯಬೇಡಿ. ಸನ್ಮಾನ ಎಲ್ಲರಿಗೂ ಒಟ್ಟಿಗೆ, ನಲವತ್ತು ನಿಮಿಷದಲ್ಲಿ. ಶಾಲು, ಹಣ್ಣು ಸಾಕು. ಮೂರಡಿ ಗಾಜಿನ ನೆನಪಿನ ಕಾಣಿಕೆಯನ್ನು ಅವರು ಎಲ್ಲಿ ಇಡಬೇಕು ಹೇಳಿ?

## 10. ಆ ದಿನ

ಗೇಟಿನಲ್ಲಿ ಬ್ಯಾಡ್ಜು. ಹೆಸರು, ಊರು ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಗ್ರೂಪ್ ಫೋಟೊದಿಂದ ಕತ್ತರಿಸಿದ ಅವರದೇ ಹತ್ತನೇ ಕ್ಲಾಸಿನ ಮುಖ. ಹುದ್ದೆ ಬರೆಯಬೇಡಿ. ಬೊಕ್ಕ ತಲೆಯ ಕೆಳಗೆ ಎಣ್ಣೆ ಹಚ್ಚಿ ಬಾಚಿದ ಹುಡುಗನ ಮುಖ ನೋಡಿದ ಮೇಲೆ ಮಾತು ಶುರು ಮಾಡಲು ಯಾರೂ ಕಷ್ಟಪಡುವುದಿಲ್ಲ. ‘ಅಯ್ಯೋ, ಗುರುತೇ ಸಿಗಲಿಲ್ಲ’ ಅನ್ನುವ ಮುಜುಗರವೂ ಇಲ್ಲ. ಹೆಣ್ಣುಮಕ್ಕಳಿಗೆ ಹೂವು ಕೊಡುವುದಾದರೆ ಎಲ್ಲರ ಕೈಗೂ ಒಂದೇ ಥರ ಗುಲಾಬಿ ಕೊಡಿ. ಕುಂಕುಮದ ತಟ್ಟೆ ಹಿಡಿದು ನಿಂತರೆ ಗಂಡ ಇಲ್ಲದ ಗೆಳತಿ ಗೇಟಿನಲ್ಲೇ ಹಿಂದೆ ಸರಿಯುತ್ತಾಳೆ.

ಒಂಬತ್ತೂವರೆಗೆ ತಿಂಡಿ. ಹತ್ತೂಕಾಲಿಗೆ ಗಂಟೆ, ನಾಡಗೀತೆ. ಮೊದಲು ತೀರಿಕೊಂಡ ಗೆಳೆಯರ, ಗುರುಗಳ ಹೆಸರು ಓದಿ ಒಂದು ನಿಮಿಷ ನಿಲ್ಲಿ. ಆಮೇಲೆ ಸನ್ಮಾನ. ಅದಾದ ಮೇಲೆ ಕ್ಲಾಸ್ ಟೀಚರ್ ಕೈಗೆ ನಿಮ್ಮ ನೋಟ್‌ಬುಕ್ ಕೊಟ್ಟು ಹಾಜರಿ ಕರೆಸಿ. ಒಬ್ಬೊಬ್ಬರೇ ಮೈಕಿಗೆ ಬಂದು ಪರಿಚಯ ಹೇಳುವ ಪದ್ಧತಿ ಬಿಟ್ಟುಬಿಡಿ. ಎಪ್ಪತ್ತು ಜನ, ತಲಾ ಮೂರು ನಿಮಿಷ ಅಂದರೆ ಮೂರೂವರೆ ತಾಸು. ಮೊದಲ ಹತ್ತು ಜನರಾದ ಮೇಲೆ ಯಾರೂ ಕೇಳುತ್ತಿರುವುದಿಲ್ಲ. ಹಾಜರಿಯಾದರೆ ಇಪ್ಪತ್ತು ನಿಮಿಷದಲ್ಲಿ ಎಲ್ಲರ ಹೆಸರೂ ಎಲ್ಲರ ಕಿವಿಗೆ ಬೀಳುತ್ತದೆ, ನಗುವೂ ಸಿಗುತ್ತದೆ.

ಹನ್ನೆರಡರಿಂದ ಒಂದೂಕಾಲು ತನಕ ಮೈಕ್ ಬಂದ್. ಇದು ಇಡೀ ದಿನದ ತಿರುಳು, ಇದನ್ನು ಯಾರು ಕೇಳಿದರೂ ಬಿಟ್ಟುಕೊಡಬೇಡಿ. ಶಾಸಕರು ಬರುತ್ತಾರೆ, ಐದು ನಿಮಿಷ ಮಾತಾಡುತ್ತಾರೆ ಅಂತ ಯಾರಾದರೂ ಅಂದರೂ ಬೇಡ. ಚೀಟಿ ಎತ್ತಿ ಐದಾರು ಜನರನ್ನು ಒಂದೊಂದು ಬೆಂಚಿನ ಸುತ್ತ ಕೂಡಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಬೆಂಚು ಬದಲಿಸಿ. ಹಾಗೇ ಬಿಟ್ಟರೆ ಹಳೆಯ ನಾಲ್ಕು ಗುಂಪುಗಳು ನಾಲ್ಕು ಮೂಲೆಯಲ್ಲಿ ಕೂತು ಬಿಡುತ್ತವೆ, ಒಂಟಿಯಾಗಿ ಬಂದವರು ಫೋನ್ ನೋಡುತ್ತ ನಿಲ್ಲುತ್ತಾರೆ.

ಗ್ರೂಪ್ ಫೋಟೊ ಊಟಕ್ಕೆ ಮೊದಲೇ. ಊಟವಾದ ಮೇಲೆ ಗುರುಗಳೂ ಇರುವುದಿಲ್ಲ, ದೂರದ ಹಳ್ಳಿಯವರೂ ಇರುವುದಿಲ್ಲ.

## 11. ಮಾತಿಗೆ ಕೂತಾಗ

ಇಪ್ಪತ್ತೈದು ವರ್ಷದ ನಂತರ ಎದುರು ಕೂತವರಿಗೆ ಏನು ಕೇಳುವುದು? ಶಾಲೆಯಿಂದ ಶುರು ಮಾಡಿ. ಯಾರ ಜೊತೆ ಸೈಕಲ್ಲಿನಲ್ಲಿ ಬರುತ್ತಿದ್ದೆ, ಬುತ್ತಿ ಎಲ್ಲಿ ಕೂತು ಉಣ್ಣುತ್ತಿದ್ದಿರಿ, ಯಾವ ಮಾಸ್ತರ್ ಕೈಯಲ್ಲಿ ಹೊಡೆತ ತಿಂದೆ. ಈಗಿನ ಬದುಕಿನ ಮಾತು ಅವರಾಗಿ ಎತ್ತಲಿ. ಸಂಬಳ, ಮನೆ ಸ್ವಂತದ್ದಾ, ಯಾಕೆ ಮದುವೆ ಆಗಲಿಲ್ಲ, ಮಕ್ಕಳು ಯಾಕಿಲ್ಲ, ಇಷ್ಟು ಕೇಳದಿದ್ದರೆ ಅರ್ಧ ಗೆದ್ದಂತೆ.

ಅಡ್ಡಹೆಸರು ಜೋಪಾನ. ಕೆಲವು ಹೆಸರು ಪ್ರೀತಿಯವು, ಕೆಲವು ಅವತ್ತೂ ಚುಚ್ಚುತ್ತಿದ್ದವು. ಬಣ್ಣ, ಮೈಕಟ್ಟು, ಜಾತಿ, ತೊದಲು ಇವುಗಳ ಮೇಲೆ ಇಟ್ಟ ಹೆಸರನ್ನು ಅಪ್ಪಿತಪ್ಪಿಯೂ ಕರೆಯಬೇಡಿ, ಅದರಲ್ಲೂ ಅವರ ಮಕ್ಕಳೆದುರು. ‘ಅವಳ ಹಿಂದೆ ಸುತ್ತುತ್ತಿದ್ದೆಯಲ್ಲೋ’ ಅನ್ನುವ ಹಾಸ್ಯವೂ ಬೇಡ. ಗಂಡಸರಿಗೆ ಅದು ನಗು. ಆ ಹೆಣ್ಣುಮಗಳಿಗೆ ಮನೆಯಲ್ಲಿ ಉತ್ತರ ಕೊಡುವ ಕೆಲಸ.

ಯಾರಾದರೂ ಹಳೆಯ ಜಗಳದ ಮಾತು ತೆಗೆದರೆ ಬೆಂಚಿನ ಮೇಲೆ ಪಂಚಾಯ್ತಿ ಮಾಡಬೇಡಿ. ಇಬ್ಬರನ್ನೂ ಬೇವಿನ ಮರದ ಕೆಳಗೆ ಚಾ ಕುಡಿಯಲು ಕಳಿಸಿ, ಮೂರನೆಯವರು ಹೋಗಬೇಡಿ.

## 12. ಮರುದಿನದಿಂದ

ವಾರದೊಳಗೆ ಲೆಕ್ಕ. ಬಂದದ್ದು ಒಟ್ಟು ಎಷ್ಟು, ಯಾವುದಕ್ಕೆ ಎಷ್ಟು ಹೋಯಿತು, ಉಳಿದದ್ದು ಎಷ್ಟು, ಬಿಲ್ಲಿನ ಫೋಟೊ ಸಮೇತ ಸೂಚನೆಯ ಗ್ರೂಪಿಗೆ ಹಾಕಿ. ತಿಂಗಳಾದರೂ ಲೆಕ್ಕ ಬರದಿದ್ದರೆ ಜನ ಬಾಯಿಬಿಟ್ಟು ಕೇಳುವುದಿಲ್ಲ, ಮುಂದಿನ ಸಲ ಸುಮ್ಮನೆ ಬರುವುದಿಲ್ಲ. ಫೋಟೊಗಳನ್ನು ಗ್ರೂಪಿನ ಒಳಗೇ ಇಡಿ. ಹೊರಗೆ ಹಾಕುವ ಮುನ್ನ ಫೋಟೊದಲ್ಲಿರುವವರನ್ನು ಕೇಳಿ.

ವರ್ಷಾ ವರ್ಷಾ ಸಮ್ಮಿಲನ ಮಾಡುತ್ತೇವೆ ಅಂತ ಹುರುಪಿನಲ್ಲಿ ಘೋಷಿಸಬೇಡಿ. ಎರಡನೇ ವರ್ಷಕ್ಕೇ ಜನ ಅರ್ಧಕ್ಕಿಳಿಯುತ್ತಾರೆ. ದೊಡ್ಡದು ಐದು ವರ್ಷಕ್ಕೊಮ್ಮೆ ಸಾಕು. ನಡುವೆ ಗಂಗಾವತಿಯಲ್ಲಿರುವ ಆರು ಜನ, ಬೆಂಗಳೂರಿನಲ್ಲಿರುವ ಹತ್ತು ಜನ ತಮ್ಮಷ್ಟಕ್ಕೆ ಕೂಡಲಿ.

ನೋಟ್‌ಬುಕ್ಕನ್ನು ಎತ್ತಿಡಬೇಡಿ. ಅದರಲ್ಲಿ ನಂಬರ್ ಸಿಗದೆ ಖಾಲಿ ಉಳಿದ ಸಾಲುಗಳಿರುತ್ತವೆ. ಸಮ್ಮಿಲನಕ್ಕೆ ಬಂದವರಲ್ಲಿ ಆಯಾ ಊರಿನವರು ಯಾರು ಅಂತ ನೋಡಿ ಆ ಹೆಸರುಗಳನ್ನು ಅವರಿಗೆ ಹಂಚಿ, ಮುಂದಿನ ಪಂಚಮಿಗೆ ಯಾರ ಮನೆಗೆ ಯಾರು ಹೋಗಬೇಕು ಅಂತ ಈಗಲೇ ಪೆನ್ಸಿಲಿನಲ್ಲಿ ಬರೆದಿಡಿ.